ಬೈಂಡಿಂಗ್ ಅಂಗಡಿಯ ತಂಗಿಯ ಕೈಮಾತು

ಹರಿದುಹೋಗಿದ್ದ ಹಳೆಯ ಅಡುಗೆ ಪುಸ್ತಕವೊಂದನ್ನು ಮೊನ್ನೆ ಬೈಂಡ್ ಮಾಡಿಸಿ ತಂದೆ. ರಟ್ಟು ತೆರೆದೊಡನೆ ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ವರ್ಷಗಳ ಹಿಂದೆ ಚಾಮರಾಜಪೇಟೆಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುತ್ತಿದ್ದ ಒಬ್ಬ ಹೆಂಗಸಿನ ಸೆರಗಿಗೂ ಇದೇ ವಾಸನೆ ಇರುತ್ತಿತ್ತು...

ಆಕೆಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ನಮ್ಮ ಹಿಂದಿನ ಬೀದಿಯ ಬೈಂಡಿಂಗ್ ಅಂಗಡಿಯಲ್ಲಿ ದಿನವಿಡೀ ಹಾಳೆ ಮಡಿಸಿ ಹೊಲಿಯುವ ಕೆಲಸ. ಮೊದಲ ದಿನ ಕರೆತಂದವಳು ಆಕೆಯ ಅಕ್ಕ, ತರಗುಪೇಟೆಯ ಮಂಡಿಯಲ್ಲಿ ಬೇಳೆ ಹಸನು ಮಾಡುತ್ತಿದ್ದವಳು. ಒಂದೇ ಕೋಣೆಯ ಮನೆಯಲ್ಲಿ ಅವರಿಬ್ಬರೇ. ತಂಗಿ ಯಾವ ಶಾಲೆಗೂ ಹೋದವಳಲ್ಲ. ಚಿಕ್ಕಂದಿನಿಂದ ಇಬ್ಬರೂ ಸೇರಿ ತಾವೇ ಕಟ್ಟಿಕೊಂಡ ಕೈಮಾತೊಂದಿತ್ತು. ಅದು ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

"ಬೆರಳೆಲ್ಲಾ ಜೋಮು ಹಿಡಿಯತ್ತೆ ಮೇಡಮ್, ರಾತ್ರಿ ಎದ್ದು ಕೂತು ಕೈ ಒದರ್ತಾಳೆ," ಎಂದಳು ಅಕ್ಕ. "ಈಗೀಗ ಅವಳು ಏನ್ ಹೇಳ್ತಿದಾಳೆ ಅಂತ ನಂಗೇ ತಿಳಿಯಲ್ಲ. ಮಾತು ತೊದಲ್ದಂಗೆ ಆಗ್ತಿದೆ."

ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ತೊಂದರೆ ಅದು, ಎರಡೂ ಕೈಗೆ. ವ್ಯಾಯಾಮದಿಂದ ಕಡಿಮೆಯಾಗದಿದ್ದರೆ ಆಪರೇಷನ್ ಎಂದಿದ್ದರಂತೆ ಆಸ್ಪತ್ರೆಯ ಡಾಕ್ಟರು. ತಂಗಿಗೆ ಆ ಭಯ. ಬ್ಯಾಂಡೇಜು ಸುತ್ತಿದ ಕೈಯಲ್ಲಿ ಮಾತಾಡುವುದು ಹೇಗೆ?

ನರವನ್ನು ಮೆಲ್ಲಗೆ ಜಾರಿಸುವ ವ್ಯಾಯಾಮ ತೋರಿಸಿದೆ. ಮುಷ್ಟಿ ಕಟ್ಟುವುದು, ಬೆರಳು ನೀಡುವುದು, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹೆಬ್ಬೆರಳು ಬಿಡಿಸುವುದು, ಅಂಗೈ ಮೇಲಕ್ಕೆ ತಿರುಗಿಸುವುದು. ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಬೇಕು. ನಾನು ಮಾಡುತ್ತಿದ್ದಂತೆ ತಂಗಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಅಕ್ಕನೂ ನಗುತ್ತಿದ್ದಳು.

"ತಪ್ಪು ತಿಳ್ಕೋಬೇಡಿ ಮೇಡಮ್. ನಮ್ ಮಾತಲ್ಲಿ ನೀವು 'ಉಪ್ಪು ಜಾಸ್ತಿಯಾಯ್ತು, ಎದ್ದೋಗು' ಅಂದಂಗಾಯ್ತು."

ಆ ದಿನ ಮೂವರೂ ನಕ್ಕಿದ್ದೇ ನಕ್ಕಿದ್ದು.

ಒಂದೆರಡು ತಿಂಗಳಲ್ಲಿ ಆಕೆಗೆ ನಿದ್ದೆ ಬರತೊಡಗಿತು, ಬೆರಳು ಚುರುಕಾದವು. ತಮ್ಮ ಸರದಿಗೆ ಕಾಯುತ್ತ ಬೆಂಚಿನ ಮೇಲೆ ಅಕ್ಕ ತಂಗಿ ಹರಟುತ್ತಿದ್ದರು, ಜಗಳವನ್ನೂ ಆಡುತ್ತಿದ್ದರು. ಸಿಟ್ಟು ಬಂದರೆ ತಂಗಿ ಕಣ್ಣು ಮುಚ್ಚಿಬಿಡುವಳು. ಅಕ್ಕ ಅವಳ ಮೊಣಕಾಲು ತಟ್ಟಿ, "ಕಣ್ ಬಿಡೇ," ಎಂದು, ಅವಳಿಗೆ ಕೇಳದಿದ್ದರೂ, ಬಾಯಿಬಿಟ್ಟೇ ಹೇಳುವಳು.

ಆಮೇಲೆ ಕೆಲವು ವಾರ ಇಬ್ಬರೂ ಬರಲಿಲ್ಲ. ಮತ್ತೆ ಬಂದಾಗ ತಂಗಿಯ ಜೊತೆಯಲ್ಲಿದ್ದವರು ಬೈಂಡಿಂಗ್ ಅಂಗಡಿಯ ಯಜಮಾನರು.

"ಅವರಕ್ಕ ಹೋಗ್ಬಿಟ್ರು ಮೇಡಮ್. ಮಂಡೀಲೇ ಎದೆನೋವು ಬಂತಂತೆ, ಆಸ್ಪತ್ರೆಗೂ ಮುಟ್ಲಿಲ್ಲ," ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ಇವಳು ಕೆಲ್ಸಕ್ಕೆ ಬರ್ತಾಳೆ, ಕೈಯೂ ಪರವಾಗಿಲ್ಲ. ಆದ್ರೆ ಏನ್ ಹೇಳ್ತಾಳೋ ನಮಗ್ಯಾರಿಗೂ ಗೊತ್ತಾಗಲ್ಲ."

ತಂಗಿ ಕುರ್ಚಿಯಲ್ಲಿ ಕೂತು, ನಾನು ಹೇಳುವ ಮೊದಲೇ ವ್ಯಾಯಾಮ ಶುರು ಮಾಡಿದಳು. ಒಂದೂ ತಪ್ಪಲಿಲ್ಲ.

ಅಲ್ಲಿಂದ ಮುಂದೆ ಆಕೆ ಬಂದಾಗಲೆಲ್ಲ ಒಂದೊಂದು ಮಾತನ್ನು ಸನ್ನೆಯಲ್ಲೇ ಕೇಳಿ ಕಲಿತೆ. ನೀರು, ಹಸಿವು, ಮಳೆ... ಕೆನ್ನೆಯ ಮೇಲೆ ಎರಡು ಬೆರಳು ಇಟ್ಟರೆ ಅಕ್ಕ. ಒಂದು ಸಂಜೆ ಕ್ಲಿನಿಕ್ಕಿನಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದಕ್ಕಿದ್ದಂತೆ ಆಕೆ ನನ್ನತ್ತ ತಿರುಗಿ ಹೇಳತೊಡಗಿದಳು. ಕೈಗಳು ಎಲ್ಲಿಯೂ ತಡವರಿಸಲಿಲ್ಲ. ಎರಡು ಬೆರಳು ಮತ್ತೆ ಮತ್ತೆ ಕೆನ್ನೆಗೆ ಹೋಗುತ್ತಿದ್ದವು. ಅಷ್ಟು ಬಿಟ್ಟರೆ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಬಹಳ ಹೊತ್ತು ಹೇಳಿದಳು. ನಂತರ ನನ್ನ ಮುಖ ನೋಡಿದಳು. ಕೈಗಳು ನಿಧಾನವಾಗಿ ಮಡಿಲಿಗೆ ಇಳಿದವು. ಎದ್ದು ಬಂದು, ನನ್ನನ್ನೇ ಸಮಾಧಾನ ಮಾಡುವಂತೆ ಭುಜ ಸವರಿ ಹೊರಟುಹೋದಳು.

ಮತ್ತೆ ಬರಲಿಲ್ಲ. ದೂರದ ನೆಂಟರೊಬ್ಬರು ಓಕಳಿಪುರಕ್ಕೆ ಕರೆದುಕೊಂಡು ಹೋದರೆಂದು ಯಜಮಾನರು ಹೇಳಿದರು. ಅಲ್ಲಿಗೆ ಒಮ್ಮೆ ಹೋಗಿ ವಿಚಾರಿಸಿದೆ, ಸುಳಿವು ಸಿಗಲಿಲ್ಲ. ಯಜಮಾನರೂ ತೀರಿಕೊಂಡು ಆ ಅಂಗಡಿ ಮುಚ್ಚಿತು.

ಅದೇ ವ್ಯಾಯಾಮವನ್ನು ಈಗಲೂ ಎಷ್ಟೋ ಜನರಿಗೆ ಕಲಿಸುತ್ತೇನೆ. ಗುಣವಾದವರು ಕೈಕುಲುಕಿ ಹೋಗುತ್ತಾರೆ. ಆಕೆ ಇದ್ದಾಳೋ ಇಲ್ಲವೋ ಗೊತ್ತಿಲ್ಲ... ಆ ಸಂಜೆ ಅಷ್ಟು ಹೊತ್ತು ಏನು ಹೇಳಿದಳೆಂದು ನನಗೆ ತಿಳಿಸಿ ಹೇಳಬಲ್ಲವರು ಈ ಊರಿನಲ್ಲಿ ಒಬ್ಬರೂ ಉಳಿದಿಲ್ಲ.