ಹಗೇವಿನ ಜೋಳದ ಉಸಿರು

ಶಕುನ, ದೆವ್ವ, ಮುನ್ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಅಂಥ ಮಾತಾಡಿದ ಸ್ವಂತ ಅತ್ತೆಯನ್ನೇ ಒಮ್ಮೆ ಗದರಿಸಿ, ಊಟ ಬಿಟ್ಟು ಎದ್ದವನು ನಾನು. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನ್ನ ತಕರಾರಿಲ್ಲ. ನಂಬಿ ಎಂದು ನಾನು ಅಂಗಲಾಚುವುದೂ ಇಲ್ಲ.

ಐವತ್ತರ ದಶಕದ ಕೊನೆಯ ಮಾತು. ನಾನು ಮುಂಬಯಿಯ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ದೊಡ್ಡ ಅಯಸ್ಕಾಂತದ ನಡುವೆ ಗಾಜಿನ ನಳಿಗೆಯಿಟ್ಟು ರೇಡಿಯೋ ತರಂಗ ಹಾಯಿಸಿದರೆ, ಒಳಗಿನ ವಸ್ತುವಿನಲ್ಲಿರುವ ಜಲಜನಕದ ನ್ಯೂಕ್ಲಿಯಸ್ಸುಗಳು ಅದಕ್ಕೆ ಓಗೊಡುತ್ತವೆ. ಅದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಗಟ್ಟಿ ಕಾಳಿನಲ್ಲಿ ಅಂಟಿ ಕೂತ ಜಲಜನಕ ಚಪ್ಪಟೆ ದಿಬ್ಬ ತೋರಿಸುತ್ತದೆ. ಸಡಿಲವಾಗಿರುವ ನೀರು ಅದರ ಮೇಲೆ ಚೂಪಾಗಿ ಏಳುತ್ತದೆ. ಕಾಳನ್ನು ಒಡೆಯದೆ, ಹುರಿಯದೆ ಒಳಗಿನ ನೀರನ್ನು ತಿಳಿಯಬಹುದೆಂಬುದು ನನ್ನ ಹುಮ್ಮಸ್ಸು. ನಮ್ಮ ರೋಣದ ಕಡೆ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ತುಂಬಿ ಮುಚ್ಚುತ್ತಾರೆ. ಅದು ವರ್ಷಗಟ್ಟಲೆ ಕೆಡದೆ ಇರುವುದು ಹೇಗೆಂದು ನನಗೆ ತಿಳಿಯಬೇಕಿತ್ತು.

ಆ ಜೋಳ ತೆಗೆದುಕೊಟ್ಟವನು ಯಲ್ಲಪ್ಪ, ನನ್ನ ಕಾಕಾನ ಮನೆಯ ಆಳು. ಹಗೇವಿನ ಬಾಯಿ ತೆರೆದ ಕೂಡಲೇ ನಮ್ಮಲ್ಲಿ ಯಾರೂ ಇಳಿಯುವುದಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾರೆ. ಆ ಹಗ್ಗದ ತುದಿ ಮೇಲೆ ನಿಂತವರ ಕೈಯಲ್ಲಿರುತ್ತದೆ. ಮುಚ್ಚಿಟ್ಟ ಕಾಳು ಉಸಿರಾಡಿ ಒಳಗಿನ ಗಾಳಿ ಕೆಡಿಸಿರುತ್ತದೆಂಬುದು ಅಲ್ಲಿ ಕೂಸಿಗೂ ಗೊತ್ತು. ಅಂದು ಯಲ್ಲಪ್ಪ ಹಾಗೇ ಕಾದು ಇಳಿದ. ನಾನು ಕೊಟ್ಟಿದ್ದ ಗಾಜಿನ ನಳಿಗೆಯನ್ನು ತಾನೇ ತುಂಬಿ, ಅದರ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಮೇಲೆ ಬಂದ.

"ಸಣ್ಣ ಧಣೇರ, ನಮ್ಮ ಜ್ವಾಳಕ್ಕರೆ ಮುಂಬೈ ತೋರಸ್ರಿ. ನನಗಂತೂ ಗದಗ ದಾಟೂದು ಆಗಿಲ್ಲ" ಎಂದು ನಕ್ಕ. ನಾನೂ ನಕ್ಕೆ, ಅಲ್ಲೇ ನಳಿಗೆಗೆ ಅರಗು ಹಾಕಿದೆ.

ಆ ನಳಿಗೆಯ ಗೆರೆ ವಾರಗಟ್ಟಲೆ ಒಂದೇ ತೆರನಾಗಿತ್ತು: ಚಪ್ಪಟೆ ದಿಬ್ಬ, ಅದರ ಮೇಲೆ ನೀರಿನ ಚೂಪು ಗೆರೆ, ಸಣ್ಣದೊಂದು ಮೊಳಕೆಯ ಹಾಗೆ. ಬೇಸಿಗೆಯ ಒಂದು ಮಧ್ಯಾಹ್ನ, ನಾನು ಚಹಾ ತರಿಸಿಕೊಂಡು ಕೂತಿದ್ದಾಗ, ಆ ಮೊಳಕೆ ಏಳತೊಡಗಿತು. ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಮೊದಲು ಬೇಗಬೇಗ, ಓಡಿಬಂದವನ ಏದುಸಿರಿನ ಹಾಗೆ. ಪಕ್ಕದ ಮೇಜಿನ ಗೆಳೆಯ ಬಂದು ನೋಡಿ, ಕರೆಂಟಿನ ಏರಿಳಿತ ಎಂದ. ನಳಿಗೆ ತೆಗೆದು, ಹೋಲಿಸಿ ನೋಡಲೆಂದು ತಂದಿಟ್ಟಿದ್ದ ನರೇಗಲ್ಲಿನ ಜೋಳದ ನಳಿಗೆ ಇಟ್ಟೆ. ಗೆರೆ ಅಲುಗಲಿಲ್ಲ. ನಮ್ಮ ಜೋಳ ಮತ್ತೆ ಇಟ್ಟೆ. ಏಳುವುದು ಇಳಿಯುವುದು ನಡೆದೇ ಇತ್ತು, ಆದರೆ ನಿಧಾನವಾಗಿತ್ತು. ಕೊನೆಗೊಮ್ಮೆ ಎತ್ತರಕ್ಕೆ ಎದ್ದು ಬಿತ್ತು. ಮೊದಲಿದ್ದ ಸಣ್ಣ ಮೊಳಕೆಯೂ ಉಳಿಯಲಿಲ್ಲ. ದರಿದ್ರ ಯಂತ್ರವೆಂದು ಬೈದು ಚಹಾಕ್ಕೆ ಕೈ ಹಾಕಿದರೆ ಅದು ತಣ್ಣಗಾಗಿ ಕೆನೆಗಟ್ಟಿತ್ತು.

ಮುಂದಿನ ವಾರ ಇನ್ನಷ್ಟು ಜೋಳ ತರಲು ಊರಿಗೆ ಹೋದೆ. ಬಂಡಿ ಹೂಡಿಕೊಂಡು ರೋಣದ ಬಸ್ಸಿನ ಹತ್ತಿರ ಕಾಯಬೇಕಿದ್ದ ಯಲ್ಲಪ್ಪ ಇರಲಿಲ್ಲ. ಕಾಕಾ ಬಂದಿದ್ದ.

"ಎಲ್ಲಿ ಯಲ್ಲಪ್ಪ?"

"ಹಿತ್ತಲ ಹಗೇವಿನಾಗ ಸತ್ತ. ಕುಡದಿದ್ದ ಮಗ. ಇಳದ ಕೂಡಲೇ ಪಟ್ಟಂತ ಹ್ವಾದ, ಯಾರೇನ ಮಾಡಲಿಕ್ಕೆ ಬರತೈತಿ?"

"ಕಂದೀಲ ಬಿಟ್ಟಿದ್ರೇನು?"

"ಜ್ವಾಳ ಒಯ್ಯಲಿಕ್ಕೆ ಗಜೇಂದ್ರಗಡದ ಸಾವಕಾರನ ಗಾಡಿ ಬಾಗಲಾಗ ನಿಂತಿತ್ತು. ಕಂದೀಲ ಹಚಗೋತ ಕುಂಡ್ರಲೇನು?"

"ನಾಯಿಗೂ ಹಿಂಗ ಮಾಡೂದಿಲ್ಲ ಕಾಕಾ!" ಎಂದು ಬಜಾರಿನಲ್ಲೇ ಕೂಗಿದೆ. "ನಾಕ ಅಕ್ಷರ ಕಲತು ನನಗ ಬುದ್ಧಿ ಹೇಳತಿ?" ಎಂದು ಅವನೂ ಕೂಗಿದ. ಯಾವತ್ತು, ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅವನು ಹೇಳಿದ್ದು ನನ್ನ ಪರದೆಯ ಗೆರೆ ಎದ್ದು ಬಿದ್ದ ಅದೇ ದಿನ, ಅದೇ ಮಧ್ಯಾಹ್ನ.

ಸಂಜೆ ಯಲ್ಲಪ್ಪನ ಹೆಂಡತಿ ಫಕೀರವ್ವನ ಮನೆಗೆ ಹೋದೆ. ಆಕೆ ಅಳಲಿಲ್ಲ.

"ಕುಡದು ಸತ್ತ ಅಂತ ಊರೆಲ್ಲಾ ಅಂತೈತ್ರಿ. ಅಂವ ಕುಡಿಯಾಂವಲ್ಲ, ಅದು ನನಗ ಗೊತ್ತೈತಿ. ನೀವು ಕಲತಾವ್ರು, ಒಂದ ಹೇಳ್ರಿ. ಧಣಿ ಅಂದಂಗ ಪಟ್ಟಂತ ಹ್ವಾದನೋ, ಒಳಗ ಒದ್ದಾಡಿದನೋ?"

ಪಟ್ಟನೆ ಹೋದ ಎಂದರೆ ಕಾಕಾನ ಸುಳ್ಳಿಗೆ ನಾನೇ ಮುದ್ರೆ ಒತ್ತಿದ ಹಾಗೆ. ಒದ್ದಾಡಿದ ಎಂದರೆ ಆ ಹೆಂಗಸು ಜನ್ಮಪೂರ್ತಿ ನಿದ್ದೆ ಮಾಡುವುದಿಲ್ಲ. ಪರದೆಯ ಮೇಲಿನ ಗೆರೆಯೊಂದನ್ನು ನಂಬಿ ಏನೆಂದು ಹೇಳಲಿ?

"ತಿಳೀತು ಬಿಡ್ರಿ" ಎಂದು ಫಕೀರವ್ವ ಒಳಗೆ ಹೋದಳು.

ಅಂದಿನಿಂದ ಕಾಕಾನ ಮನೆಯ ನೀರು ಮುಟ್ಟಿಲ್ಲ. ಕಂದೀಲು ಬಿಡದೆ ಇಳಿಸಿದ್ದು ಕೊಲೆ. ಅದನ್ನು ಹೇಳಲು ನನಗೆ ಯಾವ ಯಂತ್ರವೂ ಬೇಕಿಲ್ಲ. ಆದರೆ ಆ ಗೆರೆ? ಕರೆಂಟು, ಸೆಕೆ, ಸಡಿಲಾದ ಅರಗು ಎಂದೆಲ್ಲ ಲೆಕ್ಕ ಹಾಕಿ ನೋಡಿದೆ. ಯಾವುದೂ ಹೊಂದಲಿಲ್ಲ. ಕಾಕತಾಳೀಯ ಎನ್ನುತ್ತೀರಿ. ನಾನೂ ಹಗಲಿಗೆ ಹತ್ತು ಸಲ ಹಾಗೇ ಅಂದುಕೊಳ್ಳುತ್ತೇನೆ.

ಆದರೆ ಅದು ಯಲ್ಲಪ್ಪನ ಉಸಿರೇ ಆಗಿದ್ದರೆ, ಬಿಸಿ ಚಹಾ ಆರಿ ಕೆನೆಗಟ್ಟುವಷ್ಟು ಹೊತ್ತು ಅವನು ಬದುಕಿದ್ದ. ಮೇಲೆ ನಿಂತವರ ಕೈಯಲ್ಲಿ ಹಗ್ಗವಿತ್ತು.