ಟೀಚರ್ ನೀರು ಕುಡಿದ ದಿನ

ಆ ಬೆಳಿಗ್ಗೆಯೂ ಎಂದಿನಂತೆ ಐದಕ್ಕೆದ್ದು ದೋಸೆ ಹುಯ್ದೆ, ಮಗಳಿಗೆ ಜಡೆ ಹೆಣೆದೆ, ಎರಡು ದೊಡ್ಡ ಬಾಟಲಿಗೆ ಕಾಯಿಸಿ ಆರಿಸಿದ ನೀರು ತುಂಬಿಕೊಂಡು ಎರಡು ಮನೆ ಆಚೆಗಿನ ಸರೋಜಾ ಟೀಚರ್ ಮನೆಗೆ ಹೋದೆ. ಅವರು ಸೀರೆಗೆ ಪಿನ್ನು ಹಾಕಿ, ಆಸ್ಪತ್ರೆಯ ಫೈಲು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಬಾಯಲ್ಲಿ ಏಲಕ್ಕಿ.

"ಅದನ್ನ ಉಗೀರಿ ಟೀಚರ್," ಎಂದು ಬಾಟಲಿ ಮುಂದೆ ಹಿಡಿದೆ. ಪಾಠ ಹೇಳಿದವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು.

ಆ ಏಲಕ್ಕಿ ನನಗೆ ಏಳನೇ ಕ್ಲಾಸಿನಿಂದ ಪರಿಚಯ. ಸಾಗರದ ನಮ್ಮ ಕಾನ್ವೆಂಟಿಗೆ ಅವರು ಹೊಸನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ವಿಜ್ಞಾನದ ಟೀಚರ್. ಬಣ್ಣದ ಚಾಕ್‌ಪೀಸಿನಲ್ಲಿ ಮೂತ್ರಪಿಂಡ ಬಿಡಿಸಿ, "ಗೇರುಬೀಜ ನೆನಪು ಮಾಡ್ಕೊಳ್ರೇ, ಅದೇ ಆಕಾರ. ನೀರು ಕುಡೀದಿದ್ರೆ ಮುನಿಸ್ಕೊಳ್ಳುತ್ತೆ," ಎನ್ನುತ್ತಿದ್ದರು. ತಾವು ಮಾತ್ರ ಕುಡಿಯುತ್ತಿರಲಿಲ್ಲ. ದಾರಿಯಲ್ಲಿ ಹೆಂಗಸರು ಇಳಿದು ಹೋಗುವಂಥ ಜಾಗವೇ ಇರಲಿಲ್ಲವಲ್ಲ. ಬೆಳಿಗ್ಗೆ ಅರ್ಧ ಲೋಟ ಕಾಫಿ, ಬಾಯಾರಿದರೆ ಏಲಕ್ಕಿ, ನೀರು ಸಂಜೆ ಮನೆ ಸೇರಿದ ಮೇಲೆ. ಮೂವತ್ತು ವರ್ಷ ಹೀಗೇ ಕಳೆಯಿತು.

ನಿವೃತ್ತಿಯಾದ ಮೇಲೆ ಕ್ಯಾನ್ಸರ್ ಬಂತು. ಶಿವಮೊಗ್ಗದಲ್ಲಿ ಕೀಮೋ, ಜೊತೆಗೆ ಹೋಗುವವಳು ಮದುವೆಯಾಗಿ ಹೊಸನಗರಕ್ಕೇ ಬಂದಿದ್ದ ನಾನು. ಎರಡನೇ ಸಲದ ಔಷಧಿಯ ನಂತರ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು, ಅಂದರೆ ಕಿಡ್ನಿಗೆ ಪೆಟ್ಟು ಬಿದ್ದಿತ್ತು. "ಔಷಧಿ ತಗೊಂಡ್ಮೇಲೆ ನೀರು ಕುಡಿದ್ರಾ?" ಎಂದು ಡಾಕ್ಟರು ಕೇಳಿದರು. ಟೀಚರ್ ತಪ್ಪು ಮಾಡಿದ ವಿದ್ಯಾರ್ಥಿನಿಯಂತೆ ತಲೆ ತಗ್ಗಿಸಿದರು. "ಬಸ್ಸಲ್ಲಿ ಹೋಗೋದಿತ್ತಲ್ಲ ಸಾರ್."

ಇನ್ನೊಮ್ಮೆ ಏರಿದರೆ ಈ ಔಷಧಿ ನಿಲ್ಲಿಸಬೇಕಾಗುತ್ತದೆ ಎಂದರು ಡಾಕ್ಟರು. ಗೆಡ್ಡೆ ಕರಗುತ್ತಿದ್ದುದು ಅದೇ ಔಷಧಿಯಿಂದ.

ಕಾರಿಡಾರಿನ ಬೆಂಚಿನ ಮೇಲೆ ಟೀಚರ್ ನನಗೆ ಮತ್ತೆ ಪಾಠ ಮಾಡಿದರು. "ನೋಡೇ, ಈ ಔಷಧಿ ಗೆಡ್ಡೆಯ ಜೀವಕೋಶ ಕೊಲ್ಲುತ್ತೆ. ಹೊರಗೆ ಹೋಗೋವಾಗ ಕಿಡ್ನಿಯ ಸಣ್ಣ ಸಣ್ಣ ನಳಿಕೆಗಳಿವೆಯಲ್ಲ, ಅಲ್ಲಿನ ಜೀವಕೋಶದೊಳಗೂ ಸೇರ್ಕೊಂಡು ಅವನ್ನೂ ಕೊಲ್ಲುತ್ತೆ. ನೀರು ಜಾಸ್ತಿಯಿದ್ರೆ ಅಷ್ಟು ಹೊತ್ತು ಅಲ್ಲಿ ನಿಲ್ಲಕ್ಕಾಗಲ್ಲ, ತೊಳ್ಕೊಂಡು ಹೋಗುತ್ತೆ. ಇಷ್ಟು ಗೊತ್ತಿದ್ದೂ ಕುಡೀಲಿಲ್ಲ ನೋಡು ನಾನು."

ನಾನು ಬಾಟಲಿ ತುಂಬಿಕೊಂಡು ಹೋದ ಆ ದಿನದ್ದು ಮೂರನೇ ಸಲ. ಡ್ರಿಪ್ಪು ಮುಗಿಸಿ ಬಸ್ಸು ಹತ್ತಿದ್ದೇ ಟೀಚರ್ ಬಾಟಲಿ ಎತ್ತಿದರು. ಆಯನೂರು ದಾಟುವಷ್ಟರಲ್ಲಿ ಒಂದು ಖಾಲಿ. ಇನ್ನೊಂದರ ಮುಚ್ಚಳ ತೆಗೆದವರು ಕೈ ತಡೆದರು. ನನ್ನ ಮುಖ ನೋಡಿದರು. ಮತ್ತೆ ಮುಚ್ಚಳ ಹಾಕಿಬಿಡುತ್ತಾರೇನೋ ಎಂದುಕೊಂಡೆ. ಹಾಕಲಿಲ್ಲ. ಎದ್ದು ಕಂಬಿ ಹಿಡಿದು ನಿಂತರು.

"ತಮ್ಮಾ, ಪೆಟ್ರೋಲ್ ಬಂಕ್ ಹತ್ರ ನಿಲ್ಸು."

"ಇನ್ನೊಂದು ಗಂಟೆ ತಡ್ಕೊಳ್ಳಿ ಅಮ್ಮಾ, ಊರೇ ಬರುತ್ತೆ," ಎಂದ ಕಂಡಕ್ಟರ್.

"ಊರು ಬರುತ್ತೆ ಮಾರಾಯ, ನನ್ನ ಕಿಡ್ನಿ ಹೋಗುತ್ತೆ. ಕೀಮೋ ತಗೊಂಡು ಬಂದಿದೀನಿ, ನೀರು ಕುಡೀಲೇಬೇಕು. ಕುಡಿದಿದ್ದು ಹೋಗ್ಲೂಬೇಕು."

ಕೊನೆಯ ಬೆಂಚಿಗೂ ಕೇಳಿಸುವ ಅದೇ ಕ್ಲಾಸಿನ ದನಿ. ಬಸ್ಸು ನಿಂತಿತು. ಟೀಚರ್ ಸೆರಗು ಸರಿಮಾಡಿಕೊಂಡು ಇಳಿದರು. ಹಿಂದಿನಿಂದ ಯಾರೋ, "ಅಮ್ಮಾ, ತಡೀರಿ, ನಾನೂ ಬಂದೆ," ಎಂದರು. ಆಮೇಲೆ ಮಡಿಲಲ್ಲಿ ಮಗುವಿದ್ದವಳು. ಆಮೇಲೆ ಕಾಲೇಜಿನ ಇಬ್ಬರು ಹುಡುಗಿಯರು. ಒಟ್ಟು ಒಂಬತ್ತು ಜನ ಬಂಕಿನ ಟಾಯ್ಲೆಟ್ಟಿನ ಮುಂದೆ ಸಾಲಾಗಿ ನಿಂತೆವು.

ಟಿಕೆಟ್ ಯಂತ್ರ ಹಿಡಿದುಕೊಂಡೇ ನಿಂತಿದ್ದ ಕಂಡಕ್ಟರ್, "ಮೊದ್ಲೇ ಹೇಳ್ಬಾರ್ದಿತ್ತಾ?" ಎಂದ.

"ಮೂವತ್ತು ವರ್ಷ ತಡ ಆಯ್ತಪ್ಪ," ಎಂದರು ಟೀಚರ್. ಹತ್ತಿ ಕುಳಿತು ಎರಡನೇ ಬಾಟಲಿಯನ್ನು ಗಟಗಟ ಕುಡಿದರು.

ಮುಂದಿನ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿರಲಿಲ್ಲ. ಆರೂ ಸಲದ ಔಷಧಿ ಪೂರ್ತಿಯಾಯಿತು, ಗೆಡ್ಡೆ ಹೋಯಿತು. ಈಗ ಅವರು ತೀರ್ಥಹಳ್ಳಿಯಲ್ಲಿ ತಂಗಿಯ ಜೊತೆ ಇದ್ದಾರೆ. ಎರಡು ಮನೆ ಆಚೆಗಿನ ಗೇಟಿಗೆ ಬೀಗ ಕಂಡಾಗೆಲ್ಲ ನನಗೆ ನೆನಪಾಗುವುದು ಆಸ್ಪತ್ರೆಯಲ್ಲ, ಆ ಸಂಜೆ.

ಟೀಚರನ್ನು ಮನೆಗೆ ಬಿಟ್ಟು ಬಂದಾಗ ಪಕ್ಕದ ಮನೆಯ ಶಾರದಕ್ಕ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವರೂ ದಿನಾ ಅದೇ ದಾರಿಯಲ್ಲಿ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗುವವರು. ಯಾಕೆ ತಡವಾಯಿತೆಂದು ಕೇಳಿದರು, ಹೇಳಿದೆ. ಅವರು ಒಂದು ಲಂಗ ಮಡಚಿದರು, ಒಂದು ಟವೆಲ್ಲು ಮಡಚಿದರು.

"ಹೌದಾ, ನಿಲ್ಸಿದ್ರಾ? ಹಂಗಾರೆ ನಾಳೆಯಿಂದ ನಾನೂ ಒಂದು ಬಾಟ್ಲಿ ನೀರು ತಗೊಂಡು ಹೋಗ್ತೀನಿ."