ಹತ್ತು ದಿನ ಬೆಕ್ಕು ಬದುಕಬೇಕಿತ್ತು

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ನಮ್ಮ ಮನೆಯ ಬೆಕ್ಕೂ ಗಬ್ಬವಾಗಿತ್ತು. ಸಾಲಿಗ್ರಾಮದ ಹತ್ತಿರ ನಾಲೆ ಬಯಲಿನ ಊರು ನಮ್ಮದು. ತೊಂಬತ್ತರ ದಶಕದ ಕೊನೆ. ತವರಿನಲ್ಲಿ ಅವ್ವ ಇಲ್ಲದ ನನಗೆ ಹೆರಿಗೆ, ಬಾಣಂತನ ಎಲ್ಲ ಇಲ್ಲೇ ಎಂದು ಅತ್ತೆ ಹೇಳಿಬಿಟ್ಟಿದ್ದರು.

ಬೆಕ್ಕು ಅಟ್ಟದಲ್ಲಿ ಮರಿ ಹಾಕಲು ಮಲಗಿದ್ದು, ಮಾರನೆಯ ದಿನವೂ ತಿಣುಕುತ್ತಲೇ ಇತ್ತು. "ಬಸ್ರಿ ಎಂಗ್ಸು ಅದ್ನೆಲ್ಲ ನೋಡಬಾರ್ದು, ಒಳೀಕೋಗು" ಎಂದು ಅತ್ತೆ ನನ್ನನ್ನು ಅತ್ತ ಸುಳಿಯಗೊಡಲಿಲ್ಲ. ಆದರೆ ಅದರ ಕೂಗು ಅಡುಗೆಮನೆಗೂ ಬರುತ್ತಿತ್ತು.

ಯಜಮಾನರು ಕೆ.ಆರ್. ನಗರಕ್ಕೆ ಹೋಗಿ ದನದ ಡಾಕ್ಟರನ್ನು ಕೇಳಿಕೊಂಡು ಬಂದರು. "ಮರಿ ಅಡ್ಡ ಸಿಕ್ಕಾಕೊಂಡದಂತೆ ಕಣವ್ವ. ಹೊಟ್ಟೆ ಕುಯ್ದೇ ತೆಗೀಬೇಕು. ಮೈಸೂರಲ್ಲಿ ಒಬ್ರು ಮಾಡ್ತಾರಂತೆ. ಸಾವಿರದೈನೂರಾದ್ರೂ ಬೇಕು."

ಆಗ ಅದು ನಾಲ್ಕೈದು ಮೂಟೆ ಭತ್ತದ ದುಡ್ಡು. ಅತ್ತೆ, "ಹೆರಿಗೆಗೆ ಮಡಗಿರೋದ್ರಲ್ಲಿ ತಕ್ಕೊಂಡೋಗು ಕಣ್ಲಾ" ಎಂದರು.

"ಬೆಕ್ಕಿಗಾ ಅವ್ವ?"

"ಬೆಕ್ಕಿಗಲ್ಲ ಕಣ್ಲಾ. ಬಸ್ರಿ ಇರೋ ಮನೇಲಿ ಬಸ್ರಿ ಜೀವ ಸಾಯಬಾರ್ದು."

ಬೆಕ್ಕನ್ನು ಕುಕ್ಕೆಯಲ್ಲಿ ಹಾಕಿಕೊಂಡು ಯಜಮಾನರು ಬಸ್ಸು ಹತ್ತಿದರು. ದಿನವೆಲ್ಲ ಸುದ್ದಿಯಿಲ್ಲ. ಸಂಜೆ ಅವರು ಕುಕ್ಕೆ ಇಳಿಸಿದಾಗ ಅತ್ತೆಗೆ ಗೊತ್ತಾಗದಂತೆ ಬಗ್ಗಿ ನೋಡಿದೆ. ಬೆಕ್ಕಿನ ನಾಲಿಗೆ ಹೊರಗೆ ಬಿದ್ದಿತ್ತು, ಕಣ್ಣು ಅಗಲವಾಗಿ ತೆರೆದೇ ಇತ್ತು, ರೆಪ್ಪೆ ಮಿಟುಕಲಿಲ್ಲ.

"ಸತ್ತೋಗದೆ!" ಎಂದು ಕಿರುಚಿದೆ.

"ಇಲ್ಲ ಕಣೆ, ಮತ್ತಿನಲ್ಲಿ ಹಂಗೇ ಇರುತ್ತಂತೆ. ಗರ್ಭಕೋಶಾನೂ ತೆಗೆದವ್ರೆ."

"ಮರಿಗಳು?"

ಅವರು ಅತ್ತೆಯ ಮುಖ ನೋಡಿದರು. "ಅಲ್ಲೇ ಬುಟ್ಟು ಬಂದೆ" ಎಂದರು. ನಾನು ಗೋಡೆಗೆ ಒರಗಿ ಕೂತು, ನನ್ನ ಮಗು ಒದೆಯಲಿ ಎಂದು ಕಾದೆ. ಅದು ಮಿಸುಕಾಡುವವರೆಗೂ ಏಳಲಿಲ್ಲ.

ಎಚ್ಚರವಾದ ಮೇಲೆ ಬೆಕ್ಕು ಅತ್ತೆಯನ್ನೂ ಯಜಮಾನರನ್ನೂ ಹತ್ತಿರ ಬಿಡಲಿಲ್ಲ, ಬುಸುಗುಟ್ಟಿತು. ನನ್ನ ಕೈಗೆ ಮಾತ್ರ ಸುಮ್ಮನಿರುತ್ತಿತ್ತು. ಹೀಗಾಗಿ ಆರೈಕೆ ನನಗೇ ಬಂತು. ಹೊಲಿಗೆ ನೆಕ್ಕಬಾರದೆಂದು ಡಾಕ್ಟರು ಹೇಳಿದ್ದರು. ಅತ್ತೆಯ ಹಳೇ ಸೀರೆ ಹರಿದು ಅದರ ಹೊಟ್ಟೆಗೆ ಕಟ್ಟಿದೆ. ಮಾತ್ರೆ ಅರೆದು ಹಾಲಿನಲ್ಲಿ ಕುಡಿಸಿದೆ.

ಕೆಲವು ದಿನ ಕಳೆದಿರಬೇಕು. ಬೆಳಿಗ್ಗೆ ನೋಡಿದರೆ ಬಟ್ಟೆ ಪಕ್ಕದಲ್ಲಿ ಬಿದ್ದಿದೆ, ಹೊಲಿಗೆ ಬಿಚ್ಚಿ ಒಳಗಿನ ಕೆಂಪು ಮಾಂಸ ಕಾಣುತ್ತಿದೆ. ಅತ್ತೆ ಗದ್ದೆ ಬದುವಿನ ಮೇಲೆ ಓಡಿಹೋಗಿ ಪಕ್ಕದೂರಿನಲ್ಲಿದ್ದ ದನದ ಆಸ್ಪತ್ರೆಯ ಕಾಂಪೌಂಡರನ್ನು ಕರೆತಂದರು. "ತಲೆ ಗಟ್ಟಿಯಾಗಿ ಹಿಡ್ಕೊಳ್ರಮ್ಮ" ಎಂದು ಅವರು ಜಗುಲಿಯ ಮೇಲೇ ಮತ್ತೆ ಹೊಲಿಗೆ ಹಾಕತೊಡಗಿದರು. ಎರಡನೇ ಹೊಲಿಗೆಗೆ ಬೆಕ್ಕು ನನ್ನ ಹೆಬ್ಬೆರಳನ್ನು ಕಚ್ಚಿತು. ಹಲ್ಲು ಮೂಳೆಗೆ ತಾಗಿತು.

ಮಧ್ಯಾಹ್ನವೇ ಕೆ.ಆರ್. ನಗರದಲ್ಲಿ ಡಾಕ್ಟರಮ್ಮನ ಮುಂದೆ ಕೂತಿದ್ದೆವು. ಅವರು ಗಾಯಕ್ಕೆ ಸೋಪು ಹಚ್ಚಿ ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆಸಿದರು. "ಬೆಕ್ಕಿಗೂ ಹುಚ್ಚು ಬರುತ್ತಮ್ಮ. ಹತ್ತು ದಿನ ಅದರ ಮೇಲೆ ಕಣ್ಣಿಟ್ಟಿರಿ. ಚೆನ್ನಾಗಿದ್ರೆ ಭಯ ಇಲ್ಲ. ಸತ್ತರೆ, ಇಲ್ಲಾ ತಪ್ಪಿಸಿಕೊಂಡು ಹೋದರೆ, ಹೊಕ್ಕುಳ ಸುತ್ತ ಇಂಜೆಕ್ಷನ್ ಶುರು ಮಾಡಬೇಕಾಗುತ್ತೆ."

ನಾನು ಹೊಟ್ಟೆ ಮುಟ್ಟಿಕೊಂಡೆ. "ಇಲ್ಲಿ ಮಗು ಐತಲ್ಲ ಡಾಕ್ಟ್ರೇ?"

"ಅದಕ್ಕೇ ಹೇಳ್ತಿರೋದು, ಬೆಕ್ಕನ್ನ ಉಳಿಸ್ಕೊಳ್ಳಿ."

ಉಳಿಸಿಕೊಳ್ಳುವುದು ನಮ್ಮ ಕೈಲಿತ್ತೇ? ಹೊಲಿಗೆ ಕೀವಾಗಿ ಸತ್ತರೂ ಸಾವೇ; ಯಾವುದರಿಂದ ಸತ್ತಿತೆಂದು ಹೇಳುವವರಾರು?

ಅತ್ತೆ ಬೆಕ್ಕನ್ನು ಕೋಣೆಗೆ ಹಾಕಿ ಬಾಗಿಲಲ್ಲಿ ಚಾಪೆ ಹಾಸಿಕೊಂಡರು. ನನ್ನನ್ನು ಮುಟ್ಟಗೊಡಲಿಲ್ಲ, ಯಜಮಾನರು ಗೋಣಿಚೀಲ ಸುತ್ತಿ ಹಿಡಿದುಕೊಂಡರೆ ತಾವೇ ಮಾತ್ರೆ ನುಂಗಿಸುತ್ತಿದ್ದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನೀರು ನೆಕ್ಕಿತೇ? ಜೊಲ್ಲು ಸುರಿಯುತ್ತಿದೆಯೇ? ನಡಿಗೆ ನೆಟ್ಟಗಿದೆಯೇ? ಹುಚ್ಚು ಹತ್ತಿದರೆ ನೀರು ಇಳಿಯುವುದಿಲ್ಲ ಎಂದು ಕೇಳಿದ್ದೆ; ಆಮೇಲೆ ನಾನೂ ಒಂದು ಲೋಟ ನೀರು ಕುಡಿದು, ಗಂಟಲಲ್ಲಿ ಇಳಿಯುತ್ತದೆಯೇ ಎಂದು ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಭಯಕ್ಕೇ ಗಂಟಲು ಕಟ್ಟಿ ಒಮ್ಮೆ ನೀರು ಹೊರಗೆ ಬಂತು. ಅದನ್ನು ಯಾರಿಗೂ ಹೇಳಲಿಲ್ಲ.

ಅವಧಿ ಮುಗಿಯಲು ಇನ್ನೇನು ಎರಡು ದಿನವಿದೆ ಎನ್ನುವಾಗ, ಅತ್ತೆ ಎಮ್ಮೆಗೆ ಕಲಗಚ್ಚು ಹಾಕಿ ಬರುವಷ್ಟರಲ್ಲಿ ಬೆಕ್ಕು ಕಾಣಲಿಲ್ಲ. ಅಟ್ಟ, ಕೊಟ್ಟಿಗೆ, ಹುಲ್ಲಿನ ಮೆದೆ ಎಲ್ಲ ಹುಡುಕಿದೆವು. ಯಜಮಾನರು ನಾಲೆಯವರೆಗೂ ಹೋಗಿ ಬಂದರು. ಹೊಕ್ಕುಳ ಸುತ್ತ ಸೂಜಿ ಚುಚ್ಚಿದಂತೆ ನನಗೆ ಆಗಲೇ ನೋವು ಶುರುವಾಗಿತ್ತು. ಕೊನೆಗೆ ಅತ್ತೆ ರಾಗಿ ತುಂಬಿದ್ದ ಚೀಲಗಳ ಹಿಂದೆ ಕೈಹಾಕಿ, "ಇಲ್ಲೇ ಅದೆ ಕಣವ್ವ! ಜೀವ ಅದೆ!" ಎಂದು ಕೂಗಿದರು. ಬೆಕ್ಕು ಅವರ ಕೈ ಪರಚಿತು. ಅವರು ಬಿಡಲಿಲ್ಲ. ಹಾಗೇ ನೆಲಕ್ಕೆ ಕುಸಿದು ಅತ್ತರು. ಅವರು ಅತ್ತಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಹತ್ತು ದಿನ ಕಳೆಯಿತು. ಬೆಕ್ಕು ಹಾಲು ಕುಡಿಯುತ್ತಿತ್ತು, ಗಾಯ ಒಣಗುತ್ತಿತ್ತು. ಇಂಜೆಕ್ಷನ್ ಬೇಡವೆಂದು ಡಾಕ್ಟರಮ್ಮ ಹೇಳಿಕಳಿಸಿದರು. ಹೆರಿಗೆಯ ಖರ್ಚಿಗೆ ಯಜಮಾನರು ಭತ್ತ ಮಾರಿದರು. ಹೆಣ್ಣುಮಗು, ಸುಸೂತ್ರವಾಗಿ ಹುಟ್ಟಿತು.

ಬೆಕ್ಕು ಆಮೇಲೆ ಆರೇಳು ವರ್ಷ ಮನೆಯಲ್ಲಿತ್ತು. ತೊಟ್ಟಿಲ ಹತ್ತಿರ ಬಂದರೆ ಅತ್ತೆ ಪೊರಕೆ ಎತ್ತುತ್ತಿದ್ದರು, ಊಟಕ್ಕೆ ಕೂತಾಗ ಮೊದಲು ಅದಕ್ಕೇ ಹಾಲನ್ನ ಕಲಸಿಡುತ್ತಿದ್ದರು. ನಾನು ಮಾತ್ರ ಅದನ್ನು ಮತ್ತೆ ಎತ್ತಿಕೊಳ್ಳಲಿಲ್ಲ.